ಬೆಳೆಯುವ ಮಕ್ಕಳ ದವಡೆ ಮುರಿತ: ಶಸ್ತ್ರಕ್ರಿಯೆಯಿಲ್ಲದ ಚಿಕಿತ್ಸೆ – ಒಂದು ವಿಮರ್ಶೆ

ಮದ್ದೂರು ಎಂದೊಡನೆ ಹೆಚ್ಚಿನವರಿಗೆ ಮಂಡ್ಯ ಜಿಲ್ಲೆಯ ವಡೆಯ ಊರು ನೆನಪಾಗುತ್ತದೆ. ಚಾಮರಾಜನಗರ ಜಿಲ್ಲೆಯ ಗುಂಡ್ಲುಪೇಟೆ ತಾಲ್ಲೂಕಿನಲ್ಲೂ ಒಂದು ಮದ್ದೂರು ಇದೆ. ಸುಲ್ತಾನ್ ಬತ್ತೇರಿಯ ಕಡೆಗೆ ಹೋಗುವ ಹೆದ್ದಾರಿ ಬಂಡೀಪುರದ ಕಾಡನ್ನು ಹೊಗುವಲ್ಲಿ ಸಿಗುವ ಊರು ಅದು. ಅಲ್ಲಿ ಆರು ವರ್ಷದ ಮಗುವೊಂದು ಸೈಕಲ್ಲಿನಿಂದ ಮುಗ್ಗರಿಸಿ ಗದ್ದ ಊರಿ ಬಿತ್ತು ಎಂದು ಭಾವಿಸೋಣ. ಗದ್ದದಡಿಯ ಚರ್ಮ ಹರಿದು ರಕ್ತ ಸುರಿಯುತ್ತದೆ. ತಂದೆತಾಯಿ ಗಾಬರಿಯಿಂದ ಗುಂಡ್ಲುಪೇಟೆಗೆ ಕರೆತರುತ್ತಾರೆ. ಗಾಯ ತೊಳೆದು ಮೂರು ಹೊಲಿಗೆ, ಧನುರ್ವಾಯು ತಡೆಯಲು ಒಂದು ಚುಚ್ಚುಮದ್ದು, ನೋವಿಗೆ ಸಿರಪ್. ವಾರದ ನಂತರ ಹೊಲಿಗೆ ಬಿಚ್ಚಿದರೆ ಎಲ್ಲರ ಲೆಕ್ಕದಲ್ಲೂ ಕೆಲಸ ಮುಗಿಯಿತು.

ಆದರೆ ಗದ್ದಕ್ಕೆ ಬಿದ್ದ ಪೆಟ್ಟು ಗದ್ದದಲ್ಲೇ ನಿಲ್ಲುವುದಿಲ್ಲ. ಬಿಲ್ಲಿನಂತೆ ಬಾಗಿದ ಕೆಳದವಡೆಯ ಮೂಲಕ ಅದು ಎರಡೂ ತುದಿಗಳಿಗೆ ಹರಿದು, ಕಿವಿಯ ಮುಂದಿರುವ ಕೀಲಿನಲ್ಲಿ ಮೂಳೆಯನ್ನು ಮುರಿಯಬಲ್ಲದು. ಹೊಲಿಗೆ ಹಾಕಿದವರು ಆ ಕೀಲನ್ನು ಮುಟ್ಟಿ ನೋಡದಿದ್ದರೆ, ಕೆಲವು ವರ್ಷಗಳ ಬಳಿಕ ಬಾಯಿ ಒಂದು ಬೆರಳಷ್ಟೂ ತೆರೆಯದ, ಗದ್ದ ಹಿಂದಕ್ಕೆ ಸರಿದ ಮಗು ಅದೇ ಊರಿನಿಂದ ಮತ್ತೆ ಆಸ್ಪತ್ರೆಗೆ ಬರಬಹುದು.

ಮಕ್ಕಳ ದವಡೆ ಮುರಿದಾಗ ಆದಷ್ಟೂ ಕೊಯ್ಯಬಾರದು ಎಂಬುದು ಇಂದು ದಂತ ಮತ್ತು ಮುಖ ಶಸ್ತ್ರವೈದ್ಯರಲ್ಲಿ ಹೆಚ್ಚುಕಡಿಮೆ ಒಪ್ಪಿತವಾದ ನಿಲುವು. ನಿಲುವು ಸರಿಯಾದದ್ದೇ. ಆದರೆ ‘ಶಸ್ತ್ರಕ್ರಿಯೆಯಿಲ್ಲದ ಚಿಕಿತ್ಸೆ’ ಎಂಬ ಹೆಸರಿನಲ್ಲಿ ನಡೆಯುವುದೇನು, ಅದರ ಯಶಸ್ಸನ್ನು ಅಳೆಯುವುದು ಹೇಗೆ, ನಮ್ಮ ಹಳ್ಳಿಗಳಲ್ಲಿ ಅದು ಎಷ್ಟರಮಟ್ಟಿಗೆ ಪೂರ್ಣವಾಗುತ್ತದೆ ಎಂಬುದನ್ನು ಪರಿಶೀಲಿಸಿದರೆ ಕೆಲವು ಕೊರತೆಗಳು ಕಾಣುತ್ತವೆ. ಅವನ್ನು ವಿಮರ್ಶಿಸುವುದು ಈ ಲೇಖನದ ಉದ್ದೇಶ.

ಮಗುವಿನ ದವಡೆ ದೊಡ್ಡವರ ದವಡೆಯ ಕಿರುರೂಪವಲ್ಲ

ಹುಟ್ಟಿದ ಮಗುವಿನ ತಲೆಬುರುಡೆ ಮುಖಕ್ಕಿಂತ ಸುಮಾರು 8 ಪಟ್ಟು ದೊಡ್ಡದು. ವಯಸ್ಕರಲ್ಲಿ ಈ ಪ್ರಮಾಣ ಸುಮಾರು ಎರಡು, ಎರಡೂವರೆ ಪಟ್ಟಿಗೆ ಇಳಿಯುತ್ತದೆ. ಚಿಕ್ಕ ಮಕ್ಕಳಲ್ಲಿ ಮುಂದಕ್ಕೆ ಚಾಚಿದ ಹಣೆಯೇ ಮೊದಲ ಪೆಟ್ಟು ತಿನ್ನುವುದರಿಂದ ಮುಖದ ಮೂಳೆಗಳು ಮುರಿಯುವುದು ಕಡಿಮೆ. ಅವರ ಮೂಳೆಯ ಹೊರಪದರ ತೆಳುವಾಗಿದ್ದು ಬಾಗುವ ಗುಣ ಹೆಚ್ಚಾಗಿರುತ್ತದೆ. ಹಸಿ ಕಡ್ಡಿಯನ್ನು ಬಗ್ಗಿಸಿದರೆ ಒಂದು ಬದಿ ಸೀಳಿ ಇನ್ನೊಂದು ಬದಿ ಬಾಗಿ ನಿಲ್ಲುವಂತೆ ಈ ಮೂಳೆಯೂ ಅರ್ಧ ಮುರಿದು ನಿಲ್ಲುವುದುಂಟು.

ಎರಡನೆಯ ವ್ಯತ್ಯಾಸ ಹಲ್ಲುಗಳದು. ಆರು ವರ್ಷದ ಮಗುವಿನ ಬಾಯಲ್ಲಿ ಕಾಣುವುದು 20 ಹಾಲುಹಲ್ಲುಗಳು, ಹೆಚ್ಚೆಂದರೆ ಆಗತಾನೆ ಮೂಡಿದ ಒಂದೆರಡು ದವಡೆ ಹಲ್ಲುಗಳು. ಒಳಗಿನ ಮೂಳೆಯಲ್ಲಿ ಶಾಶ್ವತ ಹಲ್ಲುಗಳ ಮೊಳಕೆಗಳು ಒತ್ತೊತ್ತಾಗಿ ಕುಳಿತಿರುತ್ತವೆ. ಕೆಳದವಡೆಯ ಕೋರೆಹಲ್ಲಿನ ಮೊಳಕೆಯಂತೂ ಮೂಳೆಯ ಕೆಳ ಅಂಚಿನ ಹತ್ತಿರಕ್ಕೇ ಇಳಿದಿರುತ್ತದೆ. ಇಂಥ ಮೂಳೆಗೆ ತಿರುಪುಮೊಳೆ ಕೊರೆಯಬೇಕಾದರೆ ಮೊಳಕೆಗೆ ತಾಗದ ಜಾಗ ಸಿಗುವುದೇ ಕಷ್ಟ.

ಮೂರನೆಯದು ಬೆಸೆಯುವ ವೇಗ. ಮಕ್ಕಳ ಮೂಳೆಗೆ ರಕ್ತ ಪೂರೈಕೆ ಸಮೃದ್ಧವಾಗಿದ್ದು ಹೊಸ ಮೂಳೆ ಬೇಗ ಕೂಡುತ್ತದೆ. ವಯಸ್ಕರ ದವಡೆಯನ್ನು 4ರಿಂದ 6 ವಾರ ಕಟ್ಟಬೇಕಾದಲ್ಲಿ ಮಕ್ಕಳಿಗೆ 2ರಿಂದ 3 ವಾರ ಸಾಕು. ಸುಶ್ರುತ ಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಮುರಿದ ಮೂಳೆ ಎಳೆಯ ವಯಸ್ಸಿನಲ್ಲಿ ಒಂದು ತಿಂಗಳಿಗೆ, ನಡುವಯಸ್ಸಿನಲ್ಲಿ ಅದರ ಎರಡರಷ್ಟು, ಮುಪ್ಪಿನಲ್ಲಿ ಮೂರರಷ್ಟು ಕಾಲಕ್ಕೆ ಗಟ್ಟಿಯಾಗುತ್ತದೆ ಎಂಬ ಮಾತಿದೆ. ಜಾರಿದ ದವಡೆ ಕೀಲನ್ನು ಕಾವು ಕೊಟ್ಟು ಕೂಡಿಸಿ ಪಂಚಾಂಗೀ ಎಂಬ ಕಟ್ಟು ಕಟ್ಟಬೇಕೆಂದೂ ಅಲ್ಲಿಯೇ ಹೇಳಿದೆ. ವಯಸ್ಸಿಗೂ ಬೆಸುಗೆಗೂ ಇರುವ ಸಂಬಂಧವನ್ನು ಅಷ್ಟು ಹಿಂದೆಯೇ ಗಮನಿಸಿದ್ದು ಮೆಚ್ಚತಕ್ಕ ಸಂಗತಿ. ಆದರೆ ಬೇಗ ಬೆಸೆಯುವ ಗುಣಕ್ಕೆ ಇನ್ನೊಂದು ಮುಖವೂ ಇದೆ. ಬೆಸೆಯಬೇಕಾದ ಮೂಳೆ ಬೇಗ ಬೆಸೆಯುವಂತೆ, ಬೆಸೆಯಬಾರದ ಕೀಲೂ ಬೇಗ ಬೆಸೆದುಕೊಳ್ಳಬಹುದು.

ಕತ್ತಿಯನ್ನು ಕೆಳಗಿಟ್ಟದ್ದು ಏಕೆ?

1970ರ ದಶಕದಲ್ಲಿ ಫ್ರಾನ್ಸಿನ ಷಾಂಪಿ ಮೊದಲಾದವರು ಬಳಕೆಗೆ ತಂದ ಪುಟ್ಟ ಲೋಹದ ಪಟ್ಟಿಗಳು ವಯಸ್ಕರ ದವಡೆ ಮುರಿತದ ಚಿಕಿತ್ಸೆಯನ್ನೇ ಬದಲಿಸಿದವು. ಹಲ್ಲುಗಳನ್ನು ತಂತಿಯಿಂದ ಬಿಗಿದು ವಾರಗಟ್ಟಲೆ ಬಾಯಿ ಮುಚ್ಚಿಡುವ ಕಷ್ಟ ತಪ್ಪಿತು. ಅದೇ ಪಟ್ಟಿಯನ್ನು ಮಕ್ಕಳಿಗೂ ಹಾಕಬಾರದೇಕೆ ಎಂಬ ಪ್ರಶ್ನೆ ಸಹಜ. ಮೊಳಕೆಗಳಿಗೆ ಅಪಾಯ, ಬೆಳೆಯುವ ಮೂಳೆಯೊಳಗೆ ಲೋಹ ಹೂತುಹೋಗುವ ಸಾಧ್ಯತೆ, ಅದನ್ನು ತೆಗೆಯಲು ಮತ್ತೊಮ್ಮೆ ಅರಿವಳಿಕೆ, ಕೀಲಿನ ಬಳಿ ಕೊಯ್ದರೆ ಮುಖದ ನರಕ್ಕೆ ಪೆಟ್ಟು ಬೀಳುವ ಭಯ – ಇವು ಉತ್ತರಗಳು. ದೇಹದಲ್ಲಿ ಕರಗಿಹೋಗುವ ಪಟ್ಟಿಗಳು ಬಂದ ಮೇಲೆ ಎರಡನೆಯ ಶಸ್ತ್ರಕ್ರಿಯೆಯ ತೊಂದರೆ ತಗ್ಗಿತು. ಆದರೆ ಅವಕ್ಕೂ ಮೂಳೆಯಲ್ಲಿ ರಂಧ್ರ ಕೊರೆಯಲೇಬೇಕು.

ಎಲ್ಲಕ್ಕಿಂತ ಬಲವಾದ ಕಾರಣ ಕೀಲಿನ ತುದಿಯ ಸ್ವಭಾವ. ಕಾಂಡೈಲ್ ಎಂದು ಕರೆಯುವ ಕೆಳದವಡೆಯ ಈ ಮೇಲ್ತುದಿಯನ್ನು ಇಲ್ಲಿ ಕೀಲುತಲೆ ಎನ್ನೋಣ. ಮಕ್ಕಳ ಕೆಳದವಡೆಯಲ್ಲಿ ಹೆಚ್ಚಾಗಿ ಮುರಿಯುವ ಭಾಗ ಇದೇ. ದವಡೆಯ ಬೆಳವಣಿಗೆಯನ್ನೆಲ್ಲ ಮುನ್ನಡೆಸುವ ಕೇಂದ್ರ ಇದು, ಮುರಿದರೆ ಬೆಳವಣಿಗೆಯೇ ನಿಲ್ಲುತ್ತದೆ ಎಂಬ ನಂಬಿಕೆ ಬಹುಕಾಲ ಇತ್ತು. 1960ರ ದಶಕದಲ್ಲಿ ಅಮೆರಿಕದ ಮೆಲ್ವಿನ್ ಮಾಸ್ ಇದನ್ನು ಪ್ರಶ್ನಿಸಿದರು. ಸುತ್ತಲಿನ ಸ್ನಾಯು ಮತ್ತು ಅಂಗಾಂಶಗಳ ಕೆಲಸವೇ ಮೂಳೆಯ ಬೆಳವಣಿಗೆಯನ್ನು ನಡೆಸುತ್ತದೆ ಎಂಬುದು ಅವರ ವಾದ. 1977ರಲ್ಲಿ ಸ್ವೀಡನ್ನಿನ ಲಿಂಡಾಲ್ ಮತ್ತು ಹೊಲೆಂಡರ್ ಕೀಲುತಲೆ ಮುರಿದವರನ್ನು ಕ್ಷ-ಕಿರಣ ಚಿತ್ರಗಳ ಮೂಲಕ ಹಿಂಬಾಲಿಸಿ ಅಧ್ಯಯನ ಪ್ರಕಟಿಸಿದರು. ಮಕ್ಕಳಲ್ಲಿ ಮುರಿದು ವಾಲಿದ ಕೀಲುತಲೆ ಕಾಲಕ್ರಮದಲ್ಲಿ ಮತ್ತೆ ರೂಪುಗೊಳ್ಳುವುದು ಅವರಿಗೆ ಕಂಡಿತು. ವಯಸ್ಕರಲ್ಲಿ ಈ ಸಾಮರ್ಥ್ಯ ಅತ್ಯಲ್ಪ. ಮಗುವಿನ ಮೂಳೆ ತನ್ನನ್ನು ತಾನೇ ತಿದ್ದಿಕೊಳ್ಳುವಾಗ ವೈದ್ಯ ಅದರ ಕೆಲಸಕ್ಕೆ ಅಡ್ಡಿಯಾಗದಿದ್ದರೆ ಸಾಕೆಂಬ ನಿಲುವು ಹೀಗೆ ಗಟ್ಟಿಯಾಯಿತು.

ಒಂದು ಹೆಸರು, ಹಲವು ಚಿಕಿತ್ಸೆ

ಇಲ್ಲಿಂದ ವಿಮರ್ಶೆ ಆರಂಭಿಸೋಣ. ಮೊದಲ ಆಕ್ಷೇಪ ಹೆಸರಿನ ಬಗ್ಗೆಯೇ. ‘ಶಸ್ತ್ರಕ್ರಿಯೆಯಿಲ್ಲದ’ ಎಂಬ ಒಂದೇ ಚೀಲದಲ್ಲಿ ಒಂದಕ್ಕೊಂದು ಹೋಲದ ಹಲವು ಉಪಾಯಗಳು ಸೇರಿಕೊಂಡಿವೆ. ಏನನ್ನೂ ಕಟ್ಟದೆ ಮೆತ್ತಗಿನ ಆಹಾರ ಕೊಟ್ಟು ಗಮನಿಸುವುದು ಒಂದು. ಹಲ್ಲುಗಳಿಗೆ ಪುಟ್ಟ ಕೊಕ್ಕೆಗಳನ್ನು ಅಂಟಿಸಿ ರಬ್ಬರ್ ಉಂಗುರಗಳಿಂದ ಮೇಲ್ದವಡೆಗೂ ಕೆಳದವಡೆಗೂ ಸೆಳೆತ ಕೊಡುವುದು ಇನ್ನೊಂದು. ಹಲ್ಲಿನ ಅಚ್ಚು ತೆಗೆದು ಮಾಡಿದ ಅಕ್ರಿಲಿಕ್ ಟೋಪಿಯಂಥ ಸ್ಪ್ಲಿಂಟನ್ನು ಹಲ್ಲುಗಳ ಮೇಲೆ ಕೂರಿಸುವುದು ಮತ್ತೊಂದು. 1865ರಲ್ಲಿ ಗಾಡಿಯಿಂದ ಬಿದ್ದು ದವಡೆ ಮುರಿದುಕೊಂಡ ಅಮೆರಿಕದ ಮಂತ್ರಿ ವಿಲಿಯಂ ಸೆವಾರ್ಡ್‌ಗೆ ನ್ಯೂಯಾರ್ಕಿನ ದಂತವೈದ್ಯ ಥಾಮಸ್ ಗನ್ನಿಂಗ್ ಹಾಕಿದ್ದ ಗಡಸು ರಬ್ಬರಿನ ಸ್ಪ್ಲಿಂಟ್ ಈ ವಂಶದ ಹಿರಿಯ.

ಹಾಲುಹಲ್ಲುಗಳು ಗಿಡ್ಡ, ಅವುಗಳ ಆಕಾರವೂ ತಂತಿಗೆ ಹಿಡಿತ ಕೊಡುವಂಥದಲ್ಲ. ಆರರಿಂದ ಹನ್ನೆರಡರ ವಯಸ್ಸಿನಲ್ಲಿ ಕೆಲವು ಅಲುಗುತ್ತವೆ, ಕೆಲವು ಉದುರಿರುತ್ತವೆ. ಆದ್ದರಿಂದ ಸ್ಪ್ಲಿಂಟ್ ಜಾರದಂತೆ ಕೆಳದವಡೆಯ ಮೂಳೆಯನ್ನೇ ಸುತ್ತುವರಿದು ತಂತಿ ಹಾಕಿ ಬಿಗಿಯುವ ಪದ್ಧತಿ ಇದೆ. ಇದಕ್ಕೆ ಸಾಮಾನ್ಯವಾಗಿ ಪೂರ್ಣ ಅರಿವಳಿಕೆ ಬೇಕು. ಗದ್ದದಡಿ ಚರ್ಮದ ಮೂಲಕ ಸೂಜಿ ಹಾಯಿಸಬೇಕು. ಮೂಳೆ ತೆರೆದು ನೋಡುವುದಿಲ್ಲ ಎಂಬ ಅರ್ಥದಲ್ಲಿ ಇದೂ ‘ತೆರೆಯದ’ ಚಿಕಿತ್ಸೆಯೇ. ಆದರೆ ಮಗುವಿನ ತಾಯಿಗೆ “ಶಸ್ತ್ರಕ್ರಿಯೆ ಇಲ್ಲ” ಎಂದು ಹೇಳಿ ಶಸ್ತ್ರಕ್ರಿಯಾ ಕೊಠಡಿಗೆ ಒಯ್ದರೆ ಆಕೆ ಏನೆಂದುಕೊಳ್ಳಬೇಕು? ಗಂಜಿ ಕುಡಿಸಿ ಕಾಯುವುದನ್ನೂ ಅರಿವಳಿಕೆ ಕೊಟ್ಟು ತಂತಿ ಬಿಗಿಯುವುದನ್ನೂ ಒಂದೇ ಶೀರ್ಷಿಕೆಯಡಿ ಎಣಿಸಿ “ಯಶಸ್ವಿ” ಎಂದರೆ, ಯಾವುದು ಯಶಸ್ವಿಯಾಯಿತು ಎಂಬುದು ಓದುವ ವೈದ್ಯನಿಗೂ ತಿಳಿಯುವುದಿಲ್ಲ. ಮಾಡಿದ ಕೆಲಸವನ್ನು ಅದರ ಹೆಸರಿನಿಂದಲೇ ಕರೆಯುವುದು ಮೊದಲ ಶಿಸ್ತು.

ಆರು ತಿಂಗಳ ಅಳತೆಗೋಲು

ಎರಡನೆಯ ಆಕ್ಷೇಪ ಪುರಾವೆಗೆ ಸಂಬಂಧಿಸಿದ್ದು. ಮಕ್ಕಳ ದವಡೆ ಮುರಿತದ ಬಗ್ಗೆ ಬಂದಿರುವ ಬರಹಗಳಲ್ಲಿ ಹೆಚ್ಚಿನವು ಒಂದೊಂದು ಆಸ್ಪತ್ರೆಯ ಹಳೆಯ ಕಡತಗಳನ್ನು ತಿರುವಿ ಬರೆದವು, ಇಲ್ಲವೆ ಒಂದೆರಡು ಮಕ್ಕಳ ವರದಿಗಳು. ವಯಸ್ಕರ ಕೀಲುತಲೆ ಮುರಿತದ ಬಗ್ಗೆ ಎಕೆಲ್ಟ್ ಮತ್ತು ಸಂಗಡಿಗರು 2006ರಲ್ಲಿ ಹಲವು ಆಸ್ಪತ್ರೆಗಳ, ಚೀಟಿ ಎತ್ತಿದಂತೆ ರೋಗಿಗಳನ್ನು ಹಂಚಿದ ಅಧ್ಯಯನ ಪ್ರಕಟಿಸಿದರು. ಅದರಲ್ಲಿ ಶಸ್ತ್ರಕ್ರಿಯೆಗೆ ಮೇಲುಗೈ ಸಿಕ್ಕಿತು. ವಯಸ್ಕರಲ್ಲಿ ಕಂಡ ಆ ಫಲಿತಾಂಶವನ್ನು ಬೆಳೆಯುವ ಮಕ್ಕಳಿಗೆ ಎತ್ತಿ ಅಂಟಿಸುವುದು ತಪ್ಪು. ಹಾಗೆಯೇ ಮಕ್ಕಳಲ್ಲಿ ಅಷ್ಟೇ ಬಿಗಿಯಾದ ಪರೀಕ್ಷೆ ನಡೆದಿದೆ ಎಂಬಂತೆ ಮಾತಾಡುವುದೂ ತಪ್ಪು.

ಅದಕ್ಕಿಂತ ಮುಖ್ಯವಾದದ್ದು ಕಾಲದ ಅಳತೆ. ಆರು ತಿಂಗಳಿಗೆ ಮಗು ಬಾಯಿ ತೆರೆಯಿತು, ಹಲ್ಲುಗಳು ಕೂಡಿದವು, ನೋವಿಲ್ಲ – ಎಂದು ವರದಿ ಮುಗಿಸುವುದು ವಾಡಿಕೆ. ಮೂಳೆ ಬೆಸೆಯಿತೇ ಎಂಬ ಪ್ರಶ್ನೆಗೆ ಆರು ತಿಂಗಳು ಧಾರಾಳ. ಮುಖ ಸಮವಾಗಿ ಬೆಳೆಯಿತೇ ಎಂಬ ಪ್ರಶ್ನೆಗೆ ಅದು ಏನೇನೂ ಸಾಲದು. ಆರನೆಯ ವಯಸ್ಸಿನ ಪೆಟ್ಟಿನ ಫಲ ಹದಿಹರೆಯದ ಬೆಳವಣಿಗೆಯಲ್ಲಿ ತೋರಬಹುದು.

1980ರಲ್ಲಿ ಪ್ರೊಫಿಟ್, ವಿಗ್ ಮತ್ತು ಟರ್ವಿ ಪ್ರಕಟಿಸಿದ ಲೇಖನ ಇಲ್ಲಿ ನೆನೆಯತಕ್ಕದ್ದು. ಕೆಳದವಡೆ ತೀರ ಹಿಂದುಳಿದ ಅಥವಾ ಒಂದು ಬದಿಗೆ ವಾಲಿದ ರೋಗಿಗಳಲ್ಲಿ ಶೇಕಡಾ 5ರಿಂದ 10ರಷ್ಟು ಮಂದಿಯ ತೊಂದರೆಗೆ ಎಳವೆಯಲ್ಲಿ ಆದ ಕೀಲುತಲೆಯ ಮುರಿತ ಕಾರಣವಿರಬಹುದು ಎಂದು ಅವರು ಅಂದಾಜಿಸಿದರು. ಇವರಲ್ಲಿ ಅನೇಕರಿಗೆ ಮುರಿತ ಆಗಿತ್ತೆಂಬುದೇ ಗೊತ್ತಿರಲಿಲ್ಲ. ಎಳವೆಯಲ್ಲಿ ಕೀಲುತಲೆ ಮುರಿದವರಲ್ಲಿ ಸುಮಾರು ಮುಕ್ಕಾಲು ಪಾಲು ಮಕ್ಕಳು ಬೆಳವಣಿಗೆಯ ದೋಷವಿಲ್ಲದೆ ದೊಡ್ಡವರಾಗುತ್ತಾರೆ ಎಂಬುದೂ ಅವರ ಅಂದಾಜು. ಮುಕ್ಕಾಲು ಪಾಲು ಎಂಬುದು ಶಸ್ತ್ರಕ್ರಿಯೆ ಬೇಡವೆನ್ನಲು ಒಳ್ಳೆಯ ವಾದ. ಉಳಿದ ಕಾಲು ಪಾಲು ಯಾರೆಂದು ಮೊದಲೇ ತಿಳಿಯುವುದಿಲ್ಲವಾದ್ದರಿಂದ ಎಲ್ಲರನ್ನೂ ಗಮನಿಸುತ್ತಿರಬೇಕು ಎನ್ನಲು ಅದಕ್ಕಿಂತ ಒಳ್ಳೆಯ ವಾದ. ನಾವು ಮೊದಲ ವಾದವನ್ನು ಕೇಳಿಸಿಕೊಂಡೆವು, ಎರಡನೆಯದನ್ನು ಮರೆತೆವು.

ಕಟ್ಟಿದ್ದು ಸಾಕು, ಬಿಚ್ಚುವುದು ಯಾವಾಗ?

ಮೂರನೆಯ ಆಕ್ಷೇಪ ಚಲನೆಯ ಬಗ್ಗೆ. ದವಡೆಯ ಮೈಯಲ್ಲಿ ಬಿರುಕು ಬಿಟ್ಟಾಗ ಅಲುಗದಂತೆ ಹಿಡಿಯುವುದೇ ಚಿಕಿತ್ಸೆ. ಕೀಲುತಲೆ ಮುರಿದಾಗ ಲೆಕ್ಕ ತಿರುಗುಮುರುಗು. ಐದಾರು ವರ್ಷದ ಒಳಗಿನ ಮಕ್ಕಳ ಕೀಲುತಲೆಯ ಕುತ್ತಿಗೆ ಗಿಡ್ಡ ಮತ್ತು ದಪ್ಪ. ತಲೆ ರಕ್ತದಿಂದ ತುಂಬಿದ ಸ್ಪಂಜಿನಂಥದು. ಪೆಟ್ಟು ಬಿದ್ದಾಗ ಕುತ್ತಿಗೆ ಮುರಿಯುವ ಬದಲು ತಲೆಯೇ ಕೀಲಿನ ಚೀಲದೊಳಗೆ ಜಜ್ಜಿಹೋಗುತ್ತದೆ. ರಕ್ತ ಹೆಪ್ಪುಗಟ್ಟಿ, ಅದರಲ್ಲಿ ಮೂಳೆಯ ಚೂರುಗಳು ಹರಡುತ್ತವೆ. ಆಗ ಬಾಯಿ ಅಲುಗದೆ ಮುಚ್ಚಿಯೇ ಇದ್ದರೆ ಆ ಹೆಪ್ಪಿನಲ್ಲಿ ಮೂಳೆ ಬೆಳೆದು ದವಡೆಯನ್ನು ತಲೆಬುರುಡೆಗೆ ಬೆಸೆದುಬಿಡಬಹುದು. ಆಂಕಿಲೋಸಿಸ್ ಎನ್ನುವುದು ಇದನ್ನೇ. ನಮ್ಮ ದೇಶದಲ್ಲಿ ಈ ಸ್ಥಿತಿಗೆ ಮುಖ್ಯ ಕಾರಣ ಎಳವೆಯ ಪೆಟ್ಟು.

ಹೀಗೆ ಬೆಸೆದ ಮಗುವಿಗೆ ಅಗಿಯಲಾಗುವುದಿಲ್ಲ, ಹಲ್ಲುಜ್ಜಲಾಗುವುದಿಲ್ಲ. ಗದ್ದ ಬೆಳೆಯದೆ ನಾಲಿಗೆ ಹಿಂದಕ್ಕೆ ಬಿದ್ದು ನಿದ್ದೆಯಲ್ಲಿ ಉಸಿರು ಕಟ್ಟುತ್ತದೆ. ಬಾಯಿ ತೆರೆಯದ್ದರಿಂದ ಅರಿವಳಿಕೆ ಕೊಡುವುದೇ ಒಂದು ಸಾಹಸ. ಬೆಸೆದ ಮೂಳೆಯನ್ನು ಕತ್ತರಿಸಿ, ಕೆಲವೊಮ್ಮೆ ಪಕ್ಕೆಲುಬಿನ ತುಂಡು ತಂದು ಹೊಸ ಕೀಲು ಮಾಡಬೇಕು. ಅದಾದ ಮೇಲೂ ತಿಂಗಳುಗಟ್ಟಲೆ ವ್ಯಾಯಾಮ ಬಿಟ್ಟರೆ ಮತ್ತೆ ಬೆಸೆಯುತ್ತದೆ. ಚಿಕ್ಕ ಶಸ್ತ್ರಕ್ರಿಯೆಯನ್ನು ತಪ್ಪಿಸಲು ಹೋಗಿ ದೊಡ್ಡದನ್ನು ತಂದುಕೊಂಡಂತೆ.

ಆದ್ದರಿಂದ ಕೀಲುತಲೆಯ ಮುರಿತದಲ್ಲಿ ಹಲ್ಲುಗಳು ಸರಿಯಾಗಿ ಕೂಡುತ್ತಿದ್ದರೆ ಕಟ್ಟುವುದೇ ಬೇಡ. ಕೂಡದಿದ್ದರೆ 7ರಿಂದ 10 ದಿನ ಸಾಕು. ಆಮೇಲೆ ಬಿಚ್ಚಿ ವ್ಯಾಯಾಮ ಆರಂಭಿಸಬೇಕು. ಕೈಕಾಲಿನ ಮುರಿತಕ್ಕೆ ಬಿದಿರಿನ ದಬ್ಬೆ ಕಟ್ಟುವ ನಾಟಿ ವೈದ್ಯರ ಬಳಿಗೆ ಹೋಗುವ ರೂಢಿ ನಮ್ಮ ಹಳ್ಳಿಗಳಲ್ಲಿದೆ. ಹೆಚ್ಚು ದಿನ ಕಟ್ಟಿದಷ್ಟೂ ಒಳ್ಳೆಯದೆಂಬ ನಂಬಿಕೆಯೂ ಅದರ ಜೊತೆಗಿದೆ. ದವಡೆಯ ಕೀಲಿಗೆ ಆ ನಂಬಿಕೆ ಅಪಾಯಕಾರಿ. ಆದರೆ ತಪ್ಪನ್ನೆಲ್ಲ ನಾಟಿ ವೈದ್ಯರ ಮೇಲೆ ಹೊರಿಸುವಂತಿಲ್ಲ. ಆಸ್ಪತ್ರೆಯ ಬಿಡುಗಡೆ ಚೀಟಿಯಲ್ಲಿ ಔಷಧಿಯ ಹೆಸರು, ಪ್ರಮಾಣ, ದಿನ ಎಲ್ಲವನ್ನೂ ಬರೆದು, ವ್ಯಾಯಾಮದ ಜಾಗದಲ್ಲಿ “ಬಾಯಿ ಆಡಿಸಿ” ಎಂದಷ್ಟೇ ಬರೆದರೆ ಅದೂ ಅರ್ಧ ಚಿಕಿತ್ಸೆಯೇ.

ವ್ಯಾಯಾಮವೇನೂ ದುಬಾರಿಯದಲ್ಲ. ಕನ್ನಡಿಯ ಮುಂದೆ ಕೂತು ಗದ್ದ ಒಂದು ಬದಿಗೆ ಜಾರದಂತೆ ನೇರವಾಗಿ ಬಾಯಿ ತೆರೆಯುವುದು, ಎಡಕ್ಕೂ ಬಲಕ್ಕೂ ಮುಂದಕ್ಕೂ ದವಡೆ ಚಾಚುವುದು, ದಿನಕ್ಕೆ ಹಲವು ಬಾರಿ. ವೈದ್ಯರು ತೋರಿಸಿಕೊಟ್ಟಂತೆ ಐಸ್‌ಕ್ರೀಂ ಕಡ್ಡಿಗಳನ್ನು ಜೋಡಿಸಿ ಮುಂಭಾಗದ ಹಲ್ಲುಗಳ ನಡುವೆ ಇಟ್ಟರೆ ಅದೇ ವ್ಯಾಯಾಮ, ಅದೇ ಅಳತೆ. ಈ ವಾರ ಎಂಟು ಕಡ್ಡಿ ಹಿಡಿಸಿದ್ದು ಮುಂದಿನ ವಾರ ಹತ್ತಾದರೆ ಸರಿಯಾದ ದಾರಿ. ಆರಕ್ಕೆ ಇಳಿದರೆ ತಕ್ಷಣ ಆಸ್ಪತ್ರೆಗೆ ಬರಬೇಕು. ಅಕ್ಷರ ಬಾರದ ಅಜ್ಜಿಯೂ ಈ ಲೆಕ್ಕ ಇಡಬಲ್ಲಳು.

ಕೊಯ್ಯಲೇಬೇಕಾದ ಸಂದರ್ಭಗಳು

ಶಸ್ತ್ರಕ್ರಿಯೆ ಬೇಡವೆಂಬುದನ್ನು ವ್ರತದಂತೆ ಹಿಡಿಯುವುದೂ ಸರಿಯಲ್ಲ. ಕೀಲುತಲೆ ತಲೆಬುರುಡೆಯೊಳಗೆ ನುಗ್ಗಿದಾಗ, ಕೀಲಿನಲ್ಲಿ ಹೊರವಸ್ತು ಸಿಕ್ಕಿಕೊಂಡಾಗ, ಮುರಿದ ತುಂಡು ಚೀಲದಿಂದ ಹೊರಬದಿಗೆ ಜಾರಿದಾಗ, ಏನು ಮಾಡಿದರೂ ಹಲ್ಲುಗಳು ಕೂಡದಿದ್ದಾಗ ತೆರೆದು ಸರಿಪಡಿಸಲೇಬೇಕು ಎಂದು 1983ರಲ್ಲಿ ಜೈಡ್ ಮತ್ತು ಕೆಂಟ್ ಪಟ್ಟಿ ಮಾಡಿದರು. ಇಂದಿಗೂ ಚರ್ಚೆಗಳು ಆ ಪಟ್ಟಿಯಿಂದಲೇ ಆರಂಭವಾಗುತ್ತವೆ. ದವಡೆಯ ಮೈ ಮುರಿದು ತುಂಡುಗಳು ದೂರ ಸರಿದಾಗಲೂ ಕೆಳ ಅಂಚಿನಲ್ಲಿ ಒಂದು ಪುಟ್ಟ ಪಟ್ಟಿ ಹಾಕಬೇಕಾಗಬಹುದು. ಮಗುವಿನ ವಯಸ್ಸು, ಮುರಿತದ ಜಾಗ, ತುಂಡು ಸರಿದ ದೂರ, ಹಲ್ಲುಗಳ ಹೊಂದಿಕೆ – ಈ ನಾಲ್ಕನ್ನೂ ನೋಡಿ ತೀರ್ಮಾನಿಸಬೇಕು.

ಮತ್ತೆ ಮದ್ದೂರಿಗೆ

ಈ ತೀರ್ಮಾನಕ್ಕೆ ಬೇಕಾದ ತಜ್ಞರು ಗುಂಡ್ಲುಪೇಟೆಯಿಂದ ಸುಮಾರು 60 ಕಿ.ಮೀ. ದೂರದ ಮೈಸೂರಿನ ದಂತ ವೈದ್ಯಕೀಯ ಕಾಲೇಜುಗಳಲ್ಲಿದ್ದಾರೆ. ಜಿಲ್ಲಾ ಕೇಂದ್ರ ಚಾಮರಾಜನಗರದಲ್ಲಿ 2016ರಿಂದ ಸರ್ಕಾರಿ ವೈದ್ಯಕೀಯ ಕಾಲೇಜೂ ಇದೆ. ಮೊದಲ ದಿನ ಮೈಸೂರಿಗೆ ಹೋಗುವುದು ಕಷ್ಟವಾದರೂ ಆಗುತ್ತದೆ. ನೋವಿಲ್ಲದ, ನಗುತ್ತಿರುವ ಮಗುವನ್ನು ಮೂರನೆಯ ವರ್ಷ, ಐದನೆಯ ವರ್ಷ ಒಂದು ದಿನದ ಕೂಲಿ ಬಿಟ್ಟು ಅದೇ ಆಸ್ಪತ್ರೆಗೆ ಕರೆದೊಯ್ಯುವವರು ಎಷ್ಟು ಮಂದಿ? ಬಾರದವರನ್ನು ದೂಷಿಸಿ ಪ್ರಯೋಜನವಿಲ್ಲ. ಹಿಂತಿರುಗಿ ಬರುವುದನ್ನೇ ನಂಬಿದ ಚಿಕಿತ್ಸೆಯನ್ನು ಸೂಚಿಸುವವರು ಹಿಂತಿರುಗುವ ದಾರಿಯನ್ನೂ ಯೋಚಿಸಬೇಕು.

ಈ ಸೀಮೆಯ ಊಟದ ಬಗ್ಗೆಯೂ ಒಂದು ಮಾತು. ರಾಗಿ ಮುದ್ದೆಯನ್ನು ನುಂಗುತ್ತಾರೆಯೇ ಹೊರತು ಅಗಿಯುವುದಿಲ್ಲ. ಪೆಟ್ಟು ತಿಂದ ಮಗು ಸಾರಿನಲ್ಲಿ ಅದ್ದಿದ ಸಣ್ಣ ತುತ್ತನ್ನು ನುಂಗುತ್ತಿದ್ದರೆ, ಅಗಿಯಲಾಗುತ್ತಿಲ್ಲವೆಂಬುದು ಮನೆಯವರ ಗಮನಕ್ಕೆ ಬಾರದೇ ಹೋಗಬಹುದು. ಮುರಿತದ ಚಿಕಿತ್ಸೆಯಲ್ಲಿ ವರವಾಗುವ ಊಟ ಮುರಿತದ ಪತ್ತೆಗೆ ತೊಡಕೂ ಆಗಬಲ್ಲದು.

ಮಾಡಬೇಕಾದ್ದು ದೊಡ್ಡ ಯಂತ್ರಗಳನ್ನು ಕಾಯುವಂಥದಲ್ಲ. ಗದ್ದಕ್ಕೆ ಹೊಲಿಗೆ ಹಾಕುವ ಯಾರೇ ಆಗಲಿ, ಕೈ ತೊಳೆಯುವ ಮುನ್ನ ನಾಲ್ಕು ಸಂಗತಿ ನೋಡಬೇಕು. ಮಗು ಬಾಯಿ ತೆರೆದಾಗ ಅದರದೇ ಮೂರು ಬೆರಳು ಹಿಡಿಸುತ್ತವೆಯೇ? ತೆರೆಯುವಾಗ ಗದ್ದ ಒಂದು ಬದಿಗೆ ವಾಲುತ್ತದೆಯೇ? ಕಚ್ಚಿದಾಗ ಹಲ್ಲುಗಳು ಮೊದಲಿನಂತೆ ಕೂಡುತ್ತವೆಯೇ? ಕಿವಿಯ ಮುಂದೆ ಒತ್ತಿದರೆ ನೋವೇ, ಕಿವಿಯಲ್ಲಿ ರಕ್ತವೇ? ಒಂದರಲ್ಲಿ ಅನುಮಾನ ಬಂದರೂ ಕೀಲಿನ ಚಿತ್ರ ಬೇಕು. ಇಡೀ ದವಡೆಯನ್ನು ಒಂದೇ ಚಿತ್ರದಲ್ಲಿ ಹಿಡಿಯುವ ಓಪಿಜಿ ಯಂತ್ರ ಎಲ್ಲ ಕಡೆ ಇರುವುದಿಲ್ಲ. ಸಾಮಾನ್ಯ ಕ್ಷ-ಕಿರಣ ಯಂತ್ರದಲ್ಲೇ ಟೌನ್ ಎಂಬ ಕೋನದಿಂದ ಚಿತ್ರ ತೆಗೆದರೆ ಕೀಲುತಲೆಯ ಕುತ್ತಿಗೆ ಕಾಣುತ್ತದೆ. ಚೀಲದೊಳಗಿನ ಜಜ್ಜು ಅದರಲ್ಲಿ ತಪ್ಪಿಸಿಕೊಳ್ಳಬಹುದು; ಆದ್ದರಿಂದ ಚಿತ್ರ ಶುಭ್ರವಾಗಿದ್ದು ಬಾಯಿ ತೆರೆಯದಿದ್ದರೆ ನಂಬಬೇಕಾದ್ದು ಬಾಯಿಯನ್ನು.

ಇನ್ನು ವರ್ಷಗಳ ನಿಗಾ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ವೈದ್ಯರ ತಂಡಗಳು ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಿಗೆ ಬಂದು ಮಕ್ಕಳನ್ನು ಪರೀಕ್ಷಿಸುತ್ತವೆ, ಹಲ್ಲನ್ನೂ ನೋಡುತ್ತವೆ. ಹಲ್ಲು ನೋಡಲು ಬಾಯಿ ತೆರೆಸಿದಾಗಲೇ ಮೂರು ಬೆರಳಿನ ಪರೀಕ್ಷೆಯನ್ನೂ ಗದ್ದದಡಿಯ ಗಾಯದ ಕಲೆಯನ್ನೂ ಗಮನಿಸಿದರೆ ಅರ್ಧ ನಿಮಿಷ ಹೆಚ್ಚು ಹಿಡಿಯುತ್ತದೆ. ಕಲೆ ಇದ್ದು ಬಾಯಿ ಕಿರಿದಾಗಿ ತೆರೆಯುವ ಮಗುವನ್ನು ಮಾತ್ರ ಮೈಸೂರಿಗೆ ಕಳಿಸಿದರೆ ಸಾಕು. ಮೈಸೂರಿನ ಆಸ್ಪತ್ರೆಯೂ ತನ್ನ ಬಿಡುಗಡೆ ಚೀಟಿಯಲ್ಲಿ ಮುರಿತ ಎಲ್ಲಿ, ಎಷ್ಟು ದಿನ ಕಟ್ಟಿತ್ತು, ಬಾಯಿ ಎಷ್ಟು ಮಿಲಿಮೀಟರ್ ತೆರೆಯಿತು, ಮುಂದಿನ ಅಳತೆ ಯಾವ ತಿಂಗಳು ಎಂಬುದನ್ನು ಕನ್ನಡದಲ್ಲಿ ಬರೆದು ಶಾಲೆಗೊಂದು ಪ್ರತಿ ಕಳಿಸಬಹುದು.

ಬೆಳೆಯುವ ಮೂಳೆ ತನ್ನ ಮುರಿತವನ್ನು ತಾನೇ ತಿದ್ದಿಕೊಳ್ಳುತ್ತದೆ ಎಂಬ ಭರವಸೆಯ ಮೇಲೆ ನಾವು ಕತ್ತಿಯನ್ನು ಕೆಳಗಿಟ್ಟಿದ್ದೇವೆ. ಅದು ತಿದ್ದಿಕೊಂಡಿತೇ ಎಂದು ನೋಡುವ ಕೆಲಸ ಉಳಿದಿದೆ. ಆರು ವರ್ಷಕ್ಕೆ ಬಿದ್ದ ಮಗುವಿನ ಚಿಕಿತ್ಸೆ ಮುಗಿಯುವುದು ಹೊಲಿಗೆ ಬಿಚ್ಚಿದ ದಿನವಲ್ಲ. ಅದು ಪಿಯುಸಿ ಓದುವ ಹೊತ್ತಿಗೆ, ಬೆಳವಣಿಗೆ ನಿಂತ ಮೇಲೆ, ಕೊನೆಯ ಬಾರಿ ಬಾಯಿ ಅಳೆದ ದಿನ.